ಗರ್ಭಕೋಶ ಜಾರಿದರೆ ಏನು ಮಾಡಬೇಕು

ಸಂಜೆಯ ಹೊತ್ತಿಗೆ ಕಿಬ್ಬೊಟ್ಟೆ ಭಾರವಾಗುತ್ತದೆ, ಸೊಂಟ ಎಳೆಯುತ್ತದೆ, ಕೆಳಗೆ ಏನೋ ಇಳಿದು ಬಂದ ಹಾಗಾಗುತ್ತದೆ. ಮಲಗಿ ಎದ್ದರೆ ಬೆಳಿಗ್ಗೆ ಆ ಭಾರವಿಲ್ಲ. ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿದ್ದಾಗ ಇದನ್ನು ನನಗೆ ನೇರವಾಗಿ ಹೇಳಿದವರು ತೀರ ಕಡಿಮೆ. "ಸೊಂಟ ನೋವು ಸಿಸ್ಟರ್, ಮಾತ್ರೆ ಕೊಡಿ" ಎನ್ನುತ್ತಿದ್ದರು. ಕೆಮ್ಮಿದರೆ ಮೂತ್ರ ಹೋಗುತ್ತದೆಯೇ, ಸ್ನಾನದಲ್ಲಿ ಕೈಗೆ ಗಡ್ಡೆಯಂಥದ್ದು ತಾಗುತ್ತದೆಯೇ ಎಂದು ನಾನೇ ಕೆದಕಿದ ಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸುತ್ತಿದ್ದರು. ಬೆರಳಿನಿಂದ ಒಳಕ್ಕೆ ತಳ್ಳಿಕೊಂಡರೆ ಮಾತ್ರ ಮೂತ್ರ ಬರುವ ಸ್ಥಿತಿಯಲ್ಲೇ ವರ್ಷಗಟ್ಟಲೆ ಗದ್ದೆ ಕೆಲಸ ಮಾಡಿದವರೂ ಇದ್ದರು.

ಇದು ಕ್ಯಾನ್ಸರ್ ಅಲ್ಲ, ನಾಚಿಕೆಪಡುವ ಕಾಯಿಲೆಯೂ ಅಲ್ಲ. ಗರ್ಭಕೋಶ, ಮೂತ್ರಚೀಲ, ಗುದನಾಳಗಳನ್ನು ಸೀರೆಯ ಜೋಲಿಯಂತೆ ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗುತ್ತವೆ. ಹೆರಿಗೆ ಬಹಳ ಹೊತ್ತು ಹಿಡಿದರೆ, ಮಗು ದಪ್ಪವಿದ್ದರೆ ಹೆಚ್ಚು ಪೆಟ್ಟು. ಬಾಣಂತನ ಮುಗಿಯುವ ಮುನ್ನವೇ ನೀರಿನ ಕೊಡ, ಹುಲ್ಲಿನ ಹೊರೆ ಹೊತ್ತರೆ ಅವು ಚೇತರಿಸಿಕೊಳ್ಳುವುದಾದರೂ ಯಾವಾಗ? ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಅವು ಇನ್ನಷ್ಟು ಸಡಿಲವಾಗುತ್ತವೆ. ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜು ಮೇಲಿನಿಂದ ಒತ್ತುತ್ತವೆ.

ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ನೋಡುತ್ತಾರೆ. ಗರ್ಭಕೋಶ ಇನ್ನೂ ಒಳಗಡೆ ಅಥವಾ ಯೋನಿದ್ವಾರದ ಹತ್ತಿರವೇ ಇರುವಾಗ ವ್ಯಾಯಾಮ ಚೆನ್ನಾಗಿ ನೆರವಾಗುತ್ತದೆ: ಭಾರ ಕಡಿಮೆಯಾಗುತ್ತದೆ, ಮೂತ್ರ ಹಿಡಿತಕ್ಕೆ ಬರುತ್ತದೆ. ಪೂರ್ತಿ ಹೊರಗೆ ಬಂದದ್ದನ್ನು ಅದು ಒಳಗೆ ಕೂರಿಸುವುದಿಲ್ಲ.

ಮಾಡುವ ಬಗೆ ಹೀಗೆ. ಅಂಗಾತ ಮಲಗಿ ಮೊಣಕಾಲು ಮಡಿಸಿ. ನಾಲ್ಕು ಜನರ ನಡುವೆ ಕುಳಿತಾಗ ಹೂಸು ತಡೆಯುತ್ತೇವಲ್ಲ, ಆ ಸ್ನಾಯುವನ್ನೇ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಭ್ಯಾಸವಾದಂತೆ ಹತ್ತು ಎಣಿಸುವವರೆಗೆ ಏರಿಸಿ. ಉಸಿರು ಕಟ್ಟಬಾರದು, ತೊಡೆ, ಹೊಟ್ಟೆ ಬಿಗಿಯಬಾರದು. ಎಷ್ಟೋ ಜನ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಅದರಿಂದ ಕೆಡುಕೇ ಹೆಚ್ಚು. ಕೈ ತೊಳೆದು ಯೋನಿಯೊಳಗೆ ಬೆರಳಿಟ್ಟು ನೋಡಿ: ಸುತ್ತ ಬಿಗಿಯಾದರೆ ಸರಿ, ಬೆರಳು ಹೊರಕ್ಕೆ ತಳ್ಳಿಸಿಕೊಂಡರೆ ತಪ್ಪು. ಮೂತ್ರ ಮಾಡುತ್ತಾ ನಡುವೆ ತಡೆಯುವುದನ್ನು ವ್ಯಾಯಾಮವಾಗಿಸಬೇಡಿ. ಮೂರು ನಾಲ್ಕು ತಿಂಗಳು ಬಿಡದೆ ಮಾಡಬೇಕು. ಕೆಮ್ಮುವ, ಸೀನುವ, ಬಿಂದಿಗೆ ಎತ್ತುವ ಮುನ್ನವೂ ಒಮ್ಮೆ ಹೀಗೆ ಬಿಗಿಹಿಡಿಯಿರಿ.

ಮನೆಮದ್ದು ಎಂದು ನಾನು ಒಪ್ಪುವುದು ಮಲಬದ್ಧತೆ ಕಳೆಯುವ ಊಟವನ್ನು. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಪಪ್ಪಾಯಿ, ಸಾಕಷ್ಟು ನೀರು. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ, ತಿಣುಕಬೇಡಿ. ಮಧ್ಯಾಹ್ನ ಸೊಂಟದ ಕೆಳಗೆ ದಿಂಬಿಟ್ಟು ಸ್ವಲ್ಪ ಹೊತ್ತು ಮಲಗಿದರೆ ಭಾರ ಇಳಿಯುತ್ತದೆ. ಮೈಸೂರಿನಲ್ಲಿ ಯೋಗ ಕಲಿಸುವವರಿಗೇನೂ ಕೊರತೆಯಿಲ್ಲ. ಸೇತುಬಂಧಾಸನ ಕಲಿಯಬಹುದು, ಆದರೆ ನಿಮ್ಮ ತೊಂದರೆಯನ್ನು ಗುರುಗಳಿಗೆ ಮೊದಲೇ ತಿಳಿಸಿ, ಜಿಗಿಯುವುದನ್ನು ಬಿಡಿ.

ಪಟಿಕ, ಬೇರು, ಸೊಪ್ಪಿನ ಉಂಡೆ, ಬಟ್ಟೆಯ ಸುರುಳಿ, ಇವನ್ನು ಯಾರು ಹೇಳಿದರೂ ಒಳಗೆ ಇಡಬೇಡಿ. ಹುಣ್ಣಾಗುತ್ತದೆ, ಸೋಂಕು ಏರುತ್ತದೆ. ಒಳಗೆ ಇಡುವುದೇ ಆದರೆ ಅದಕ್ಕೆಂದೇ ಪೆಸರಿ ಎಂಬ ಸಿಲಿಕೋನ್ ಉಂಗುರವಿದೆ. ವೈದ್ಯರು ಅಳತೆ ನೋಡಿ ಕೂರಿಸುತ್ತಾರೆ, ಅದನ್ನು ಇಟ್ಟುಕೊಂಡೇ ಓಡಾಡಬಹುದು, ಕೆಲಸ ಮಾಡಬಹುದು. ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಿ ತೊಳೆಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ತಾಳಲಾರದ ಅಜ್ಜಿಯರಿಗೆ, ಇನ್ನೂ ಮಗು ಬೇಕೆನ್ನುವವರಿಗೆ ಇದು ದೊಡ್ಡ ಅನುಕೂಲ. ಇಂಥದ್ದೊಂದಿದೆ ಎಂದು ಗೊತ್ತಿಲ್ಲದೆ ಎಷ್ಟು ಜನ ನರಳುತ್ತಾರೆ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಶಸ್ತ್ರಚಿಕಿತ್ಸೆ ಎಂದರೆ ಗರ್ಭಕೋಶ ತೆಗೆಯುವುದೇ ಆಗಬೇಕಿಲ್ಲ. ಅದನ್ನು ಉಳಿಸಿ ಮೇಲೆತ್ತಿ ಹೊಲಿಯುವ ವಿಧಾನಗಳೂ ಇವೆ. ನಿಮಗೆ ಯಾವುದು ಹೊಂದುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಯಾವುದೇ ಆದರೂ ಆಮೇಲೆ ಕನಿಷ್ಠ 6 ವಾರ ಭಾರ ಎತ್ತುವಂತಿಲ್ಲ, ಇದನ್ನು ಮನೆಯವರ ಎದುರೇ ವೈದ್ಯರಿಂದ ಹೇಳಿಸಿ.

ಮೂತ್ರ ಕಟ್ಟಿಕೊಂಡರೆ, ರಕ್ತ ಕಂಡರೆ, ವಾಸನೆಯ ಸ್ರಾವವಿದ್ದರೆ, ಹೊರಬಂದದ್ದು ಊದಿಕೊಂಡು ಒಳಗೆ ಹೋಗದಿದ್ದರೆ ಅದೇ ದಿನ ಹೊರಡಿ. ಮಂಡ್ಯದಲ್ಲಿ ಸರ್ಕಾರಿ ಆಸ್ಪತ್ರೆ ಮಿಮ್ಸ್ ಇದೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸೊಂಟ ನೋವು ಎನ್ನಬೇಡಿ, "ಗರ್ಭಕೋಶ ಜಾರಿದ ಹಾಗಿದೆ" ಎಂದೇ ಹೇಳಿ. ಬೆಳಗಿನ ಹೊತ್ತು ಮಲಗಿಸಿ ನೋಡಿದಾಗ ಅದು ಒಳಗೆ ಸರಿದಿರಬಹುದು. ಆಗ ಜೋರಾಗಿ ಕೆಮ್ಮಿ ತೋರಿಸಿ, ಇಲ್ಲವೇ ನಿಲ್ಲಿಸಿ ನೋಡಿ ಎಂದು ಕೇಳಿ.