ಐರಿಷ್ ಸ್ಟ್ಯೂ: ಮಾಂಸ ಹುರಿಯಬೇಡಿ, ಹಿಟ್ಟು ಹಾಕಬೇಡಿ

ಐರ್ಲೆಂಡಿನ ಹಳೆಯ ಕ್ರಮದ ಸ್ಟ್ಯೂಗೆ (ಮಾಂಸ, ತರಕಾರಿಯನ್ನು ನಿಧಾನವಾಗಿ ಬೇಯಿಸಿದ ರಸದ ಅಡುಗೆ) ಮುಖ್ಯವಾಗಿ ಬೇಕಾಗುವುದು ಕುರಿಮಾಂಸ, ಆಲೂಗಡ್ಡೆ, ಈರುಳ್ಳಿ, ನೀರು. ಗಿನ್ನೆಸ್ ಬಿಯರ್ ಸುರಿದು ದನದ ಮಾಂಸದಲ್ಲಿ ಮಾಡುವ ಕಂದು ಸ್ಟ್ಯೂ ಬೇರೆಯೇ ಅಡುಗೆ. ಐರಿಷ್ ಸ್ಟ್ಯೂನ ರಸ ತಿಳಿಬಣ್ಣದ್ದು. ಅದಕ್ಕೇ ಮಾಂಸವನ್ನು ಹುರಿಯುವುದಿಲ್ಲ. ರಸ ಗಟ್ಟಿಯಾಗಲು ಹಿಟ್ಟೂ ಬೇಡ, ಆ ಕೆಲಸವನ್ನು ಆಲೂಗಡ್ಡೆಯೇ ಮಾಡುತ್ತದೆ.

ನಾಲ್ಕು ಜನಕ್ಕೆ ಮೂಳೆಸಹಿತ ಕುರಿಮಾಂಸ 1 ಕೆಜಿ, ಆಲೂಗಡ್ಡೆ 1 ಕೆಜಿ, ಈರುಳ್ಳಿ 500 ಗ್ರಾಂ, ನೀರು ಸುಮಾರು 1 ಲೀಟರ್, ಥೈಮ್ ಎಂಬ ಪರಿಮಳದ ಸೊಪ್ಪು ಎರಡು ಕಡ್ಡಿ, ಕೊತ್ತಂಬರಿ ಸೊಪ್ಪಿನಂಥ ಪಾರ್ಸ್ಲಿ ಒಂದು ಹಿಡಿ, ಉಪ್ಪು, ಕಾಳುಮೆಣಸು. ಕ್ಯಾರೆಟ್ ಹಾಕಬೇಕೋ ಬೇಡವೋ ಎಂಬ ವಾದ ಐರ್ಲೆಂಡಿನಲ್ಲೇ ಇನ್ನೂ ಮುಗಿದಿಲ್ಲ. ಎರಡು ಹಾಕಿದರೆ ರುಚಿಯೇನೂ ಕೆಡುವುದಿಲ್ಲ.

ಮಾಂಸ ಕುತ್ತಿಗೆಯದೋ ಭುಜದ್ದೋ ಇರಲಿ. ಈ ಭಾಗಗಳಲ್ಲಿ ನಾರು, ಮೂಳೆ, ಕೊಬ್ಬು ಮೂರೂ ಇರುತ್ತವೆ; ನಿಧಾನವಾಗಿ ಬೆಂದಂತೆ ನಾರು ಕರಗಿ ರಸಕ್ಕೆ ಮೈ ಕೊಡುತ್ತದೆ. ಹಿಂಗಾಲಿನ ತೊಡೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ.

ಆಲೂಗಡ್ಡೆ ಎರಡು ಬಗೆಯದು ಬೇಕು, ಈ ಅಡುಗೆಯ ಗುಟ್ಟೇ ಅದು. ಅರ್ಧದಷ್ಟು ಕೆರ್ಸ್ ಪಿಂಕ್, ಗೋಲ್ಡನ್ ವಂಡರ್‌ನಂಥ, ಬೆಂದಾಗ ಪುಡಿಪುಡಿಯಾಗುವ ಜಾತಿ. ಇದನ್ನು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಉಳಿದರ್ಧ ಷಾರ್ಲೆಟ್‌ನಂಥ, ಬೆಂದರೂ ಆಕಾರ ಬಿಡದ ಜಾತಿ. ಇದನ್ನು ಎರಡು ಹೋಳು ಮಾಡಿದರೆ ಸಾಕು. ಹೆಚ್ಚಿದ ಬಿಲ್ಲೆಗಳನ್ನು ನೀರಿನಲ್ಲಿ ನೆನೆಹಾಕಬೇಡಿ. ಪಿಷ್ಟ ತೊಳೆದುಹೋದರೆ ರಸ ನೀರಾಗಿಯೇ ಉಳಿಯುತ್ತದೆ.

ಮಾಂಸವನ್ನು 4-5 ಸೆಂಟಿಮೀಟರ್ ತುಂಡು ಮಾಡಿ, ದಪ್ಪ ತಳದ ಪಾತ್ರೆಯಲ್ಲಿ ತಣ್ಣೀರಿನೊಂದಿಗೆ ಒಲೆಗಿಡಿ. ಕುದಿ ಬರುವ ಹೊತ್ತಿಗೆ ಬೂದುಬಣ್ಣದ ನೊರೆ ಮೇಲೇಳುತ್ತದೆ. ಅದು ನಿಲ್ಲುವವರೆಗೂ ಸೌಟಿನಿಂದ ತೆಗೆಯುತ್ತಿರಿ, ಬಿಟ್ಟರೆ ರಸ ಮಂಕಾಗುತ್ತದೆ. ಆಮೇಲೆ ಈರುಳ್ಳಿಯಲ್ಲಿ ಅರ್ಧ ಪಾಲು, ಆಲೂಗಡ್ಡೆ ಬಿಲ್ಲೆ, ಥೈಮ್, ಒಂದು ಚಮಚ ಉಪ್ಪು ಹಾಕಿ ಉರಿ ಪೂರ್ತಿ ತಗ್ಗಿಸಿ. ಎಲ್ಲೋ ಒಂದೆರಡು ಗುಳ್ಳೆ ಏಳುವಷ್ಟು ಶಾಖ ಸಾಕು. ಕೊತಕೊತ ಕುದಿಸಿದರೆ ಮಾಂಸದ ಎಳೆಗಳು ಬಿಗಿದು ರಬ್ಬರಿನಂತಾಗುತ್ತವೆ, ಕೊಬ್ಬು ರಸದಲ್ಲಿ ಒಡೆದು ಬೆರೆತು ಜಿಡ್ಡೆನಿಸುತ್ತದೆ.

ಎಳೆಯ ಕುರಿಯಾದರೆ ಒಂದು ಗಂಟೆ, ಬಲಿತದ್ದಾದರೆ ಒಂದೂವರೆ ಗಂಟೆ ಮುಚ್ಚಿ ಬೇಯಿಸಿ. ಅಷ್ಟರಲ್ಲಿ ಬಿಲ್ಲೆಗಳು ಕರಗತೊಡಗಿರುತ್ತವೆ. ಈಗ ಉಳಿದ ಈರುಳ್ಳಿ, ಕ್ಯಾರೆಟ್, ಗಟ್ಟಿ ಆಲೂಗಡ್ಡೆ ಹೋಳು ಹಾಕಿ ಇನ್ನೂ 35-40 ನಿಮಿಷ ಬಿಡಿ. ಸೌಟಾಡಿಸುವ ಬದಲು ಪಾತ್ರೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿ, ಇಲ್ಲವಾದರೆ ಹೋಳುಗಳು ಒಡೆಯುತ್ತವೆ. ಚಾಕು ಆಲೂಗಡ್ಡೆಯೊಳಗೆ ಸಲೀಸಾಗಿ ಇಳಿದು, ಮಾಂಸ ಮೂಳೆ ಬಿಟ್ಟರೆ ಹದ ಬಂತು. ರಸ ಇನ್ನೂ ತೆಳುವಾಗಿದ್ದರೆ ನಾಲ್ಕೈದು ಹೋಳುಗಳನ್ನು ಪಾತ್ರೆಯ ಅಂಚಿಗೆ ಒತ್ತಿ ಮಸೆಯಿರಿ.

ಉಪ್ಪು ನೋಡಿ, ಮೆಣಸು ಕುಟ್ಟಿ ಹಾಕಿ, ಪಾರ್ಸ್ಲಿಯನ್ನು ಒಲೆ ಆರಿಸಿದ ಮೇಲೆ ಉದುರಿಸಿ. ಜೊತೆಗೆ ಸೋಡಾ ಬ್ರೆಡ್ (ಯೀಸ್ಟ್ ಬದಲು ಅಡುಗೆ ಸೋಡಾ ಹಾಕಿ ಮಾಡುವ ಬ್ರೆಡ್) ಇರಲಿ. ಕೊಬ್ಬು ಹೆಚ್ಚೆನಿಸಿದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲೆ ಹೆಪ್ಪುಗಟ್ಟಿದ ಪದರವನ್ನು ಎತ್ತಿಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.