ಎಲೆ ನೋಡೇ ಕ್ರಾಸ್ ಆಯ್ತಾ ಇಲ್ವಾ ಹೇಳಬಹುದು: ನನ್ನ ಟೆರೇಸ್ ಟೊಮೇಟೊ ಅನುಭವ

ಟೆರೇಸಲ್ಲಿ ಟೊಮೇಟೊ ಬೆಳೆಯೋರು ತುಂಬ ಜನ, ಕ್ರಾಸ್ ಮಾಡೋರು, ಅಂದ್ರೆ ಒಂದು ತಳಿಯ ಪರಾಗ ಇನ್ನೊಂದು ತಳಿಯ ಹೂವಿಗೆ ಹಾಕೋರು ಕಮ್ಮಿ, ಯಾಕಂದ್ರೆ ಕ್ರಾಸ್ ಹಿಡೀತಾ ಇಲ್ವಾ ಅಂತ ಗೊತ್ತಾಗೋಕೆ ಆ ಬೀಜದ ಗಿಡ ಹಣ್ಣು ಬಿಡೋ ತನಕ ಕಾಯ್ಬೇಕು ಅನ್ನೋ ಲೆಕ್ಕ. ಹಂಗೇನಿಲ್ಲ, ತಾಯಿ ಗಿಡ ಸರಿಯಾಗಿ ಆರಿಸ್ಕೊಂಡ್ರೆ ಸಸಿಯಲ್ಲೇ ಗೊತ್ತಾಗತ್ತೆ.

ನಾನು ತಾಯಿಗೆ ಬ್ರಾಂಡಿವೈನ್ ತಳಿ, ತಂದೆಗೆ ರೋಮಾ ತಳಿ ತಗೊಂಡೆ. ಬ್ರಾಂಡಿವೈನ್ ಎಲೆ ಆಲೂಗಡ್ಡೆ ಗಿಡದ್ದೇ ಥರ, ಅಂಚಲ್ಲಿ ಹಲ್ಲಿಲ್ಲ, ಸೀಳೂ ಕಮ್ಮಿ. 6ನೇ ಕ್ರೋಮೋಸೋಮಲ್ಲಿರೋ 'ಸಿ' ಅನ್ನೋ ಜೀನ್ ಕೆಟ್ಟಿರೋದ್ರಿಂದ ಹೀಗಾಗೋದು, ಆದ್ರೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಕಾಪಿ ಬಂದ್ರೆ ಮಾತ್ರ. ಹಾಗಾಗಿ ರೋಮಾ ಪರಾಗ ಹಿಡಿದಿದ್ರೆ ಸಸಿಗೆ ಮಾಮೂಲಿ ಹಲ್ಲಿನ ಎಲೆ, ಹೂವು ತನಗೆ ತಾನೇ ಕಟ್ಟಿದ್ರೆ ಆಲೂ ಎಲೆ.

ಮೊಗ್ಗು ಹಳದಿ ತಿರುಗ್ತಾ ಇರ್ಬೇಕು, ಬಿಚ್ಚಿರಬಾರದು. ಸಾಯಂಕಾಲ ಚಿಮಟದಲ್ಲಿ ಒಳಗಿನ ಹಳದಿ ಕೊಳವೆ ಪೂರ್ತಿ ಕಿತ್ತು ನಡುವಿನ ಕಡ್ಡಿ ಮಾತ್ರ ಬಿಟ್ಟೆ. ಮಾರನೇ ಬೆಳಗ್ಗೆ ರೋಮಾ ಹೂವಿಗೆ ಎಲೆಕ್ಟ್ರಿಕ್ ಟೂತ್‌ಬ್ರಶ್ ತಾಗಿಸಿ ಚಮಚಕ್ಕೆ ಪುಡಿ ಉದುರಿಸ್ಕೊಂಡು ಆ ಕಡ್ಡಿ ತುದಿಗೆ ಸವರಿ ದಾರ ಕಟ್ಟಿಟ್ಟೆ. ಬ್ರಾಂಡಿವೈನ್ ಗೊಂಚಲಿನ ಮೊದಲ ಹೂವು ಎಷ್ಟೋ ಸಲ ಎರಡು ಮೂರು ಅಂಟ್ಕೊಂಡು ದಪ್ಪಗಿರತ್ತೆ, ಅದನ್ನ ಮುಟ್ಟಲೇ ಬೇಡಿ. ಆ ಹಣ್ಣಿನ ಬೀಜ ಬಿತ್ತಿದಾಗ ಮೊದಲು ಬರೋ ಬೀಜದೆಲೆ ನೋಡಿದ್ರೆ ಏನೂ ಗೊತ್ತಾಗಲ್ಲ, ಮೂರನೇ ನಾಲ್ಕನೇ ಎಲೆ ಬಂದಾಗ ಡೌಟೇ ಇರಲ್ಲ.

ನಂಗೆ ಮಜಾ ಅನ್ಸಿದ್ದು ಇನ್ನೊಂದು. ಸಿ ಜೀನ್‌ಗೆ ಬ್ಲೈಂಡ್ ಅಂತ ಒಬ್ಬ ದಾಯಾದಿ ಇದಾನೆ, ಮೂಲ ಒಂದೇ, ಆಮೇಲೆ ಪಾಲಾಗಿ ಒಬ್ಬ ಎಲೆ ಸೀಳೋ ಕೆಲಸ ನೋಡ್ಕೊಂಡ, ಇನ್ನೊಬ್ಬ ಎಲೆ ಸಂದಿಂದ ಕವಲು ಹೊರಡಿಸೋದು. 2011ರಲ್ಲಿ ಜರ್ಮನಿಯ ಕಲೋನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇದನ್ನ ತೋರಿಸಿದ್ರು. ಹಂಗಾದ್ರೆ ಕವಲೇ ಬರದ ಟೊಮೇಟೊ ಯಾಕಿಲ್ಲ, ದಿನಾ ಚಿಗುರು ಚಿವುಟೋದು ತಪ್ತಿತ್ತಲ್ಲ ಅಂತೀರಾ? ಲ್ಯಾಟರಲ್ ಸಪ್ರೆಸರ್ ಅನ್ನೋ ಬೇರೆ ಜೀನ್ ಕೆಟ್ಟ ಗಿಡ ಹೆಚ್ಚುಕಮ್ಮಿ ಹಾಗೇ ಇರತ್ತೆ, ಆದ್ರೆ ಹೂವಲ್ಲಿ ದಳವೇ ಇರಲ್ಲ, ಹಣ್ಣು ಕಟ್ಟೋದೂ ಕಷ್ಟ. ಚಿವುಟೋದೇ ವಾಸಿ.

ಕ್ರಾಸಾದ ಗಿಡದ್ದೇ ಬೀಜ ಬಿತ್ತಿದ ಎರಡನೇ ತಲೆಮಾರಲ್ಲಿ ಹೆಚ್ಚುಕಮ್ಮಿ ನಾಲ್ಕಕ್ಕೊಂದು ಆಲೂ ಎಲೆ ಬಂತು. ನಂಗೆ ಬೇಕಾಗಿದ್ದು ಆಲೂ ಎಲೆ ಇರೋ ಗಿಡ್ಡ ಗಿಡ. ರೋಮಾ ಗಿಡ್ಡ ಆಗಿರೋದು ಸೆಲ್ಫ್ ಪ್ರೂನಿಂಗ್ ಜೀನಿಂದ, 1914ರಲ್ಲಿ ಫ್ಲೋರಿಡಾದಲ್ಲಿ ತಾನಾಗೇ ಬಂದ ಬದಲಾವಣೆ ಅದು, ಗೊಂಚಲು ಗೊಂಚಲಿನ ನಡುವಿನ ಎಲೆ ಕಮ್ಮಿಯಾಗ್ತಾ ಕೊನೆಗೆ ಕಾಂಡ ಹೂವಲ್ಲೇ ಮುಗಿದುಹೋಗತ್ತೆ. ತೊಂದರೆ ಏನಂದ್ರೆ ಇದೂ ಅದೇ 6ನೇ ಕ್ರೋಮೋಸೋಮಲ್ಲಿ ಸಿ ಪಕ್ಕದಲ್ಲೇ ಕೂತಿದೆ, ಎರಡೂ ಬೇರೆಯಾಗೋದು ತೀರಾ ಅಪರೂಪ, ಆಲೂ ಎಲೆ ಬಂದಿದ್ದೆಲ್ಲ ಬ್ರಾಂಡಿವೈನ್ ಥರ ಉದ್ದಕ್ಕೇ ಹೋಯ್ತು. ಅದಕ್ಕೇ ಈ ಸಲ ಟ್ರೇ ತುಂಬ ಬಿತ್ತಿದೀನಿ, ಆಲೂ ಎಲೆಯವು ಮಾತ್ರ ಕುಂಡಕ್ಕೆ, ಹಲ್ಲಿನ ಎಲೆಯವೆಲ್ಲ ಅಕ್ಕಪಕ್ಕದ ಮನೆಯವರಿಗೆ.