ವರ್ಷದ ಮೆಚ್ಚಿನ ಆಲ್ಬಮ್‌ಗಳು, ಬಿಸಿನೆಸ್ ಪುಸ್ತಕಗಳು: ಪಟ್ಟಿ ಸಿದ್ಧಪಡಿಸುವ ಬಗೆ

ಡಿಸೆಂಬರ್ ಬಂತೆಂದರೆ ಉದ್ಯೋಗಸ್ಥರಲ್ಲಿ ಹಲವರು ಆ ವರ್ಷ ತಾವು ಮೆಚ್ಚಿದ ಸಂಗೀತದ ಆಲ್ಬಮ್‌ಗಳನ್ನೂ ಬಿಸಿನೆಸ್ ಪುಸ್ತಕಗಳನ್ನೂ ಪಟ್ಟಿ ಮಾಡಿ ಸಹೋದ್ಯೋಗಿಗಳ ಮುಂದಿಡುತ್ತಾರೆ. ಇಂಥ ಪಟ್ಟಿಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಪ್ರಶಸ್ತಿಗಳ ಕೊನೆಯ ಸುತ್ತಿಗೆ ಬಂದ ಹೆಸರುಗಳೇ ಅವುಗಳಲ್ಲಿ ಮರಳಿ ಕಾಣಿಸಿಕೊಳ್ಳುವುದು ಅದಕ್ಕೆ ಕಾರಣ. ಪುಸ್ತಕವಾದರೆ ನಮ್ಮ ಕೆಲಸದಲ್ಲಿ ಬಳಕೆಗೆ ಬಂದಿತೇ, ಆಲ್ಬಮ್ ಆದರೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಕೇಳಬೇಕೆನಿಸಿತೇ ಎಂಬ ಎರಡು ಪ್ರಶ್ನೆಗಳ ಮೇಲೆ ಪಟ್ಟಿ ನಿಲ್ಲಬೇಕೆಂಬುದು ನನ್ನ ನಿಲುವು. ಕ್ರಮವನ್ನು ವಿವರಿಸಲು 2023ರ ಕೃತಿಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೊದಲು ‘ವರ್ಷ’ದ ಗಡಿಯನ್ನು ನಿರ್ಧರಿಸಿಕೊಳ್ಳಿ. ಪ್ರಶಸ್ತಿಗಳೇ ಕ್ಯಾಲೆಂಡರನ್ನು ಅನುಸರಿಸುವುದಿಲ್ಲ: 2024ರ ಫೆಬ್ರವರಿಯಲ್ಲಿ ನೀಡಿದ ಗ್ರ್ಯಾಮಿಗೆ 2022ರ ಅಕ್ಟೋಬರ್ 1ರಿಂದ 2023ರ ಸೆಪ್ಟೆಂಬರ್ 15ರವರೆಗೆ ಬಿಡುಗಡೆಯಾದ ಧ್ವನಿಮುದ್ರಣಗಳು ಅರ್ಹವಾಗಿದ್ದವು. ಸೆಮಿಕಂಡಕ್ಟರ್ ಉದ್ಯಮವನ್ನು ಕುರಿತ ಕ್ರಿಸ್ ಮಿಲ್ಲರ್ ಅವರ ‘ಚಿಪ್ ವಾರ್’ 2022ರ ಅಕ್ಟೋಬರಿನಲ್ಲಿ ಪ್ರಕಟವಾಗಿ ಅದೇ ವರ್ಷ ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆಯ ವರ್ಷದ ಬಿಸಿನೆಸ್ ಪುಸ್ತಕ ಪ್ರಶಸ್ತಿ ಪಡೆಯಿತು. ಅದನ್ನು 2023ರಲ್ಲಿ ಓದಿದವರು ಎಲ್ಲಿ ಸೇರಿಸಬೇಕು? ‘ಈ ವರ್ಷದ್ದು’, ‘ಈ ವರ್ಷ ಕೈಗೆ ಬಂದದ್ದು’ ಎಂದು ಎರಡು ಭಾಗ ಮಾಡಿಕೊಂಡರೆ ಈ ತೊಡಕು ಬಗೆಹರಿಯುತ್ತದೆ.

ಆಲ್ಬಮ್ ಎಂದರೇನು ಎಂಬುದನ್ನೂ ಆಗಲೇ ತೀರ್ಮಾನಿಸಬೇಕು. ಚರಣ್ ರಾಜ್ ಸಂಗೀತದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ‘ಸೈಡ್ ಎ’ 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ನವೆಂಬರ್ 17ರಂದು ತೆರೆಕಂಡವು. ಹೆಸರೇ ಕ್ಯಾಸೆಟ್ಟಿನ ಎರಡು ಬದಿಗಳನ್ನು ನೆನಪಿಸುವುದರಿಂದ ಎರಡನ್ನೂ ಒಂದೇ ಆಲ್ಬಮ್ ಎಂದು ಎಣಿಸುವುದು ಸರಿಯೆಂದು ನನಗೆ ತೋರುತ್ತದೆ. ಚಿತ್ರಗೀತೆಗಳು ಆಲ್ಬಮ್ಮೇ ಅಲ್ಲವೆಂಬ ವಾದವನ್ನು ನಾನು ಒಪ್ಪುವುದಿಲ್ಲ, ಆದರೆ ಒಂದು ಜನಪ್ರಿಯ ಹಾಡಿನ ಸುತ್ತ ನಾಲ್ಕು ಸಾಧಾರಣ ಹಾಡುಗಳಿದ್ದರೆ ಅದನ್ನು ಹಾಡಿನ ಪಟ್ಟಿಗೆ ಬಿಡಬೇಕು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಕೇಳಿ ಬೆಳೆದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಕೇಳಿದ್ದರ ದಾಖಲೆಯನ್ನು ಆ್ಯಪ್‌ಗಳ ವರ್ಷಾಂತ್ಯದ ವರದಿಗೆ ಒಪ್ಪಿಸಬೇಡಿ. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೂ ಅದು ಒಂದು ಎಣಿಕೆಯಾಗುತ್ತದೆ. ಎಕ್ಸೆಲ್ ಹಾಳೆ ತುಂಬುವಾಗ ಹಿನ್ನೆಲೆಯಲ್ಲಿ ಓಡಿದ್ದೆಲ್ಲವೂ ಹೀಗೆ ಮೇಲಕ್ಕೆ ಬರುತ್ತದೆ. ಆಲ್ಬಮ್ಮನ್ನು ಷಫಲ್ ಇಲ್ಲದೆ, ಕಲಾವಿದರು ಜೋಡಿಸಿದ ಕ್ರಮದಲ್ಲಿಯೇ ಬೇರೆ ಕೆಲಸವಿಲ್ಲದೆ ಒಮ್ಮೆ ಕೇಳಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೇಳಿ, ದಿನಾಂಕದೊಂದಿಗೆ ಒಂದೆರಡು ಸಾಲು ಬರೆದಿಡುವುದು ಸಾಕು. ಭಾರತೀಯ ಸಂಗೀತವನ್ನೂ ಜಾಝನ್ನೂ ಬೆಸೆಯುವ ಶಕ್ತಿ ತಂಡದ ‘ದಿಸ್ ಮೊಮೆಂಟ್’ 2023ರ ಜೂನ್ 30ರಂದು ಬಂದಾಗ ನಾಲ್ಕು ದಶಕಗಳಿಗೂ ಮಿಕ್ಕ ಅವಧಿಯ ಬಳಿಕದ ಸ್ಟುಡಿಯೊ ಆಲ್ಬಮ್ ಎಂಬ ಸುದ್ದಿಯೇ ದೊಡ್ಡದಾಗಿತ್ತು. ಮೊದಲ ಕೇಳುವಿಕೆಯಲ್ಲಿ ಕಿವಿ ಹೋಗುವುದು ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್ ಮತ್ತು ಜಾಕಿರ್ ಹುಸೇನರ ತಬಲಾದ ಕಡೆಗೆ. ಶಂಕರ್ ಮಹಾದೇವನ್ ಅವರ ಕಂಠ, ಗಣೇಶ್ ರಾಜಗೋಪಾಲನ್ ಅವರ ಪಿಟೀಲು, ಸೆಲ್ವಗಣೇಶ್ ಅವರ ತಾಳವಾದ್ಯಗಳು ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ತಿಳಿಯಲು ಎರಡನೆಯ, ಮೂರನೆಯ ಸಲ ಕೇಳಬೇಕಾಗುತ್ತದೆ. ನಮೂದಿಸಬೇಕಾದದ್ದು ಅದನ್ನೇ. ಮುಂದೆ ಅದಕ್ಕೆ ಗ್ರ್ಯಾಮಿ ಬಂದಿತೆಂಬುದು ಎಲ್ಲರಿಗೂ ಸಿಗುವ ಮಾಹಿತಿ.

ಪುಸ್ತಕಗಳ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು ಬೇಕು, ಏಕೆಂದರೆ ಬಿಸಿನೆಸ್ ಪುಸ್ತಕಗಳಲ್ಲಿ ಬಹಳಷ್ಟು ಒಂದು ಪತ್ರಿಕಾ ಲೇಖನವನ್ನು ಮುನ್ನೂರು ಪುಟಕ್ಕೆ ಹಿಗ್ಗಿಸಿದವುಗಳು. ಮುಗಿಸಿದ ದಿನ ಉತ್ಸಾಹದಲ್ಲಿ ಬರೆದ ಟಿಪ್ಪಣಿ ನಂಬಲರ್ಹವಲ್ಲ. ಮೂರು ತಿಂಗಳ ನಂತರ ಪುಸ್ತಕ ತೆರೆಯದೆ ಅದರ ವಾದವನ್ನು ಎರಡು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿ, ಈ ನಡುವೆ ಅದರಿಂದ ಯಾವ ನಿರ್ಧಾರ ಬದಲಾಯಿತು ಎಂದು ಕೇಳಿಕೊಳ್ಳಿ. ಕಟ್ಟಡ ಕಾಮಗಾರಿಗಳ ವೆಚ್ಚದ ಅಂದಾಜು ನನ್ನ ವೃತ್ತಿ. ಬೆಂಟ್ ಫ್ಲೂಬಿಯರ್ ಮತ್ತು ಡ್ಯಾನ್ ಗಾರ್ಡ್‌ನರ್ ಅವರ 2023ರ ‘ಹೌ ಬಿಗ್ ಥಿಂಗ್ಸ್ ಗೆಟ್ ಡನ್’ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆದ್ದಿತು. ಲೇಖಕರು ಸಂಗ್ರಹಿಸಿದ 16,000ಕ್ಕೂ ಹೆಚ್ಚು ಯೋಜನೆಗಳ ದತ್ತಾಂಶದಲ್ಲಿ ವೆಚ್ಚ ಮತ್ತು ಅವಧಿ ಎರಡನ್ನೂ ಅಂದಾಜಿನೊಳಗೆ ಉಳಿಸಿಕೊಂಡವು ಶೇ. 8.5 ಮಾತ್ರ; ಅವುಗಳ ಜೊತೆಗೆ ಭರವಸೆ ನೀಡಿದ ಪ್ರಯೋಜನವನ್ನೂ ಒದಗಿಸಿದವು ಶೇ. 0.5. ನಮ್ಮ ಯೋಜನೆ ಬೇರೆಯೇ ಎಂಬ ಭ್ರಮೆ ಬಿಟ್ಟು, ಅದೇ ಬಗೆಯ ಮುಗಿದ ಕಾಮಗಾರಿಗಳಿಗೆ ನಿಜವಾಗಿ ತಗುಲಿದ ಹಣ ಮತ್ತು ಕಾಲದಿಂದಲೇ ಅಂದಾಜನ್ನು ಆರಂಭಿಸಬೇಕೆಂಬ ಅವರ ಸಲಹೆಯನ್ನು ಮರುದಿನವೇ ಬಳಸಬಹುದು.

ಕಂಪನಿಗಳ ಯಶಸ್ಸನ್ನು ಹೊಗಳುವ ಪುಸ್ತಕವಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಜಿಮ್ ಕಾಲಿನ್ಸ್ ಅವರ 2001ರ ‘ಗುಡ್ ಟು ಗ್ರೇಟ್’ ಮಾದರಿಯೆಂದು ಆಯ್ದ 11 ಕಂಪನಿಗಳಲ್ಲಿ ಎಲೆಕ್ಟ್ರಾನಿಕ್ ಸರಕುಗಳ ಮಳಿಗೆಗಳ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿತನಕ್ಕೆ ಅರ್ಜಿ ಸಲ್ಲಿಸಿತು. ಗೃಹಸಾಲಗಳಿಗೆ ಹಣ ಒದಗಿಸುವ ಫ್ಯಾನಿ ಮೇ ಅದೇ ವರ್ಷ ಅಮೆರಿಕ ಸರ್ಕಾರದ ಹಿಡಿತಕ್ಕೆ ಹೋಯಿತು. ಗೆದ್ದವರನ್ನು ಮಾತ್ರ ಆರಿಸಿಕೊಂಡು ಅವರ ಗುಣಗಳನ್ನು ಪಟ್ಟಿ ಮಾಡಿದಾಗ, ಅದೇ ಗುಣಗಳಿದ್ದೂ ಸೋತವರು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಲೇಖಕರು ಸೋತವರನ್ನೂ ನೋಡಿದ್ದಾರೆಯೇ ಎಂದು ಕೊನೆಯ ಟಿಪ್ಪಣಿಗಳಲ್ಲಿ ಪರಿಶೀಲಿಸಿ. ಏಮಿ ಎಡ್ಮಂಡ್‌ಸನ್ ಅವರ ‘ರೈಟ್ ಕೈಂಡ್ ಆಫ್ ರಾಂಗ್’ ಸೋಲನ್ನೇ ವಿಷಯವಾಗಿಸಿಕೊಂಡು, ಅದನ್ನು ಸಾಮಾನ್ಯ ಸೋಲು, ಸಂಕೀರ್ಣ ಸೋಲು ಮತ್ತು ಹೊಸದನ್ನು ಯೋಚಿಸಿ ಪ್ರಯತ್ನಿಸುವಾಗ ಬರುವ ವಿವೇಕಯುತ ಸೋಲು ಎಂದು ವಿಂಗಡಿಸುತ್ತದೆ. 2023ರ ಫೈನಾನ್ಷಿಯಲ್ ಟೈಮ್ಸ್ ಪ್ರಶಸ್ತಿ ಅದಕ್ಕೇ ಸಂದಿತು. ಪ್ರಶಸ್ತಿಯ ಕಾರಣಕ್ಕೆ ಅದನ್ನು ಕೈಬಿಡುವುದೂ ಒಣ ಹಟವೇ ಆದೀತು.

ಬರೆಯುವಾಗ ಪ್ರತಿ ಕೃತಿಗೆ ನಾಲ್ಕೈದು ವಾಕ್ಯಗಳು ಸಾಕು: ಏನು, ಯಾವಾಗ ಓದಿದ್ದು ಅಥವಾ ಕೇಳಿದ್ದು, ಏನು ಉಳಿಯಿತು, ಯಾರಿಗೆ ಇದು ಹಿಡಿಸಲಾರದು. ಕೊನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ಓದುಗರಿಗೆ ಹೆಚ್ಚು ಉಪಯೋಗವಾಗುವುದು ಅದೇ. ಪೂರ್ತಿ ಮುಗಿಸದ ಪುಸ್ತಕವನ್ನು ಸೇರಿಸಬೇಡಿ. ಸಾರಾಂಶದ ಆ್ಯಪ್‌ನಲ್ಲಿ ಓದಿದ್ದು ಓದಲ್ಲ. ಲೇಖಕರು ಅಥವಾ ಪ್ರಕಾಶಕರು ಉಚಿತವಾಗಿ ಕಳಿಸಿದ ಪ್ರತಿಯಾದರೆ ಅದನ್ನು ಅಲ್ಲಿಯೇ ತಿಳಿಸಿ. ಕ್ರಮಾಂಕ ಕೊಡಲೇಬೇಕೆಂದಿಲ್ಲ.

ನವೆಂಬರಿನಲ್ಲಿಯೇ ಪಟ್ಟಿ ಮುಗಿಸುವ ಆತುರವೂ ಬೇಡ. ಜಾಕಿರ್ ಹುಸೇನ್ 2024ರ ಡಿಸೆಂಬರ್ 15ರಂದು ತೀರಿಕೊಂಡ ಬಳಿಕ ಅವರ ಹಳೆಯ ಧ್ವನಿಮುದ್ರಣಗಳಿಗೆ ಮರಳಿದವರ ಆ ವರ್ಷದ ಕೇಳುವಿಕೆ ತಿಂಗಳ ಕೊನೆಯ ಎರಡು ವಾರಗಳಲ್ಲಿಯೇ ಬದಲಾಗಿಬಿಟ್ಟಿರುತ್ತದೆ. ಅದಕ್ಕೆ ‘ಮರಳಿ ಕೇಳಿದ್ದು’ ಎಂಬ ಚಿಕ್ಕ ಭಾಗವೊಂದಿರಲಿ. ಪ್ರಕಟಿಸುವ ಮುನ್ನ ಹಿಂದಿನ ವರ್ಷದ ಪಟ್ಟಿಯನ್ನು ತೆರೆದು, ಈಗ ಅದರಲ್ಲಿ ಉಳಿಸಲಾಗದ ಹೆಸರುಗಳನ್ನು ಕಾರಣಸಹಿತ ಗುರುತಿಸಿ, ಆ ತಿದ್ದುಪಡಿಯನ್ನು ಹೊಸ ಪಟ್ಟಿಯ ಕೆಳಗೆ ಸೇರಿಸಿ.